ಎರಡನೆಯ ಏಟು

ಟೈರಿನ ಗಾಳಿ ನೋಡುವ ನನ್ನ ಮೀಟರಿಗೆ ಎರಡು ತುದಿ. ಒಂದನ್ನು ವಾಲ್ವಿನ ಬಾಯಿಗೆ ಒತ್ತಿದರೆ ಒಳಗಿನ ಒತ್ತಡ ಅಂಕಿಯಾಗಿ ಮೂಡುತ್ತದೆ. ಇನ್ನೊಂದರಲ್ಲಿ ಬಟಾಣಿಯಷ್ಟು ದಪ್ಪದ ಕಪ್ಪು ಕಣ್ಣಿದೆ. ಅದನ್ನು ರಬ್ಬರಿಗೆ ಒಂದು ಗೇಣು ದೂರದಲ್ಲಿ ಹಿಡಿದು ಗುಂಡಿ ಅದುಮಿದರೆ ಮುಟ್ಟದೆಯೇ ಅದರ ಬಿಸಿ ಎಷ್ಟೆಂದು ಹೇಳುತ್ತದೆ. ಬಿಸಿ ಇರುವ ಯಾವ ವಸ್ತುವಾದರೂ ನಮಗೆ ಕಾಣದ ಒಂದು ಬಗೆಯ ಬೆಳಕನ್ನು ಸುತ್ತಲೂ ಚೆಲ್ಲುತ್ತಿರುತ್ತದೆ; ಆ ಕಣ್ಣಿಗೆ ಅದು ಕಾಣುತ್ತದೆ, ಅಷ್ಟೇ. ಇದರಲ್ಲಿ ಮಾಟವೇನೂ ಇಲ್ಲ. ಆದರೂ ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಕಲ್ಲು ಒಡೆಯುವ ಕ್ರಷರಿನ ಲಾರಿ ಡ್ರೈವರುಗಳು ಅದರ ಮುಂದೆ ಹಣೆ ಒಡ್ಡಿಕೊಂಡು, "ನೋಡ್ರೀ ಡಾಕ್ಟ್ರೇ, ಜ್ವರ ಇದ್ರೆ ಒಂದು ರಜಾ ಬರೆದುಕೊಡಿ" ಎಂದು ಸಾಲುಗಟ್ಟುತ್ತಿದ್ದರು. ಆಮೇಲೆ ನನಗೆ 'ಡಿಗ್ರಿ' ಎಂದೇ ಹೆಸರು ಬಿತ್ತು. ಭೌತಶಾಸ್ತ್ರದಲ್ಲಿ ಡಿಗ್ರಿ ಮಾಡಿಕೊಂಡು ಬಂದು ಟೈರಿನ ಡಿಗ್ರಿ ಓದುವವನು.

ನನಗಿಂತ ಮುಂಚೆ ಅಲ್ಲಿ ಟೈರು ನೋಡುತ್ತಿದ್ದವನ ಹೆಣವನ್ನು ಶೆಡ್ಡಿನ ತಗಡಿನ ಮೇಲಿಂದ ಇಳಿಸಿದ್ದರು. ಕಾದ ಟೈರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಗಾಳಿ ಬಿಡುತ್ತಿದ್ದನಂತೆ. ಅದು ಸಿಡಿದು ಅವನನ್ನು ಎರಡಾಳು ಎತ್ತರಕ್ಕೆ ಎಸೆದಿತ್ತು. ಕಂಪನಿಯವರು ಮೀಟರು ತರಿಸಿದ್ದು ಅದಾದ ಮೇಲೆ. ಅದನ್ನು ಹಿಡಿಯಲು ಓದಿದವನೊಬ್ಬ ಇರಲಿ ಎಂದು ಮ್ಯಾನೇಜರಿಗೆ ನನ್ನ ಹೆಸರು ಹೇಳಿದ್ದು ಭಾವ. ಅಕ್ಕನ ಗಂಡ. ಆ ಕಲ್ಲು ಕ್ರಷರಿನಲ್ಲಿ ಅವರು ಹದಿನಾಲ್ಕು ವರ್ಷದಿಂದ ಟೈರ್ ಫಿಟ್ಟರು.

ಭಾವನಿಗೆ ಮೀಟರು ಬೇಕಾಗಿರಲಿಲ್ಲ. ಒಂದೂವರೆ ಮೊಳದ ಕಬ್ಬಿಣದ ರಾಡಿನಿಂದ ಟೈರಿಗೆ ಒಂದು ಬಾರಿಸಿ, ತಲೆ ವಾರೆ ಮಾಡಿ ಸದ್ದು ಕೇಳುತ್ತಿದ್ದರು. "ನೂರೈದು ಪೌಂಡು. ಇನ್ನೈದು ಹಾಕು." ಒಂದು ತಿಂಗಳು ಅವರು ಹೇಳಿದ್ದನ್ನೂ ಮೀಟರು ತೋರಿಸಿದ್ದನ್ನೂ ಪಕ್ಕಪಕ್ಕ ಬರೆದಿಟ್ಟು ನೋಡಿದೆ. ನೂರರಲ್ಲಿ ತೊಂಬತ್ತು ಸಲ ಸರಿಯಿದ್ದರು. ಇದನ್ನು ಹೇಳದೆ ಉಳಿದದ್ದನ್ನು ಹೇಳಿದರೆ ಅನ್ಯಾಯವಾಗುತ್ತದೆ. ಅವರ ಕಿವಿ ಅಷ್ಟು ಒಳ್ಳೆಯದು. ಕೈ ಅಷ್ಟೇ ಕೆಟ್ಟದ್ದು.

ಅಕ್ಕ ಅದೇ ಕ್ರಷರಿನ ಗೇಟಿನ ಬಳಿ, ಲಾರಿ ತೂಗುವ ಕಟ್ಟೆಯ ಪಕ್ಕದ ಗಾಜಿನ ಕ್ಯಾಬಿನ್ನಿನಲ್ಲಿ ಕೂತು ತೂಕದ ಚೀಟಿ ಬರೆಯುತ್ತಿದ್ದಳು. ಜಲ್ಲಿ ತುಂಬಿದ ಟಿಪ್ಪರು ಇಳಿಜಾರು ಇಳಿದು ಬಂದು ಕಟ್ಟೆಯ ಮೇಲೆ ನಿಲ್ಲಬೇಕು. ಅವಳು ತೂಕ ನೋಡಬೇಕು, ನಾನು ಅದೇ ಹೊತ್ತಿನಲ್ಲಿ ಹತ್ತೂ ಟೈರು ನೋಡಬೇಕು. ಹೀಗೆ ದಿನಕ್ಕೆ ಅರವತ್ತು ಸಲ ಗಾಜಿನ ಆಚೆ ಈಚೆ ಅಕ್ಕ ತಮ್ಮ ಮುಖ ನೋಡಿಕೊಳ್ಳುತ್ತಿದ್ದೆವು. ಮುಖದ ಬಣ್ಣ ನೋಡಿ ಏಟಿಗೆ ಎಷ್ಟು ದಿನವಾಯಿತು ಎಂದು ಹೇಳಲು ನಾನು ಕಲಿತದ್ದು ಆ ಗಾಜಿನ ಮೂಲಕ. ಎರಡನೆಯ ದಿನ ನೇರಳೆ, ಆರನೆಯ ದಿನ ಹಸಿರು, ಹತ್ತನೆಯ ದಿನಕ್ಕೆ ಹಳದಿ.

ಆ ಸೋಮವಾರ ಬೆಳಿಗ್ಗೆ ಯಾವ ಬಣ್ಣವೂ ಇರಲಿಲ್ಲ, ಪೌಡರು ಮಾತ್ರ ಇತ್ತು. ಚೀಟಿ ಇಸಿದುಕೊಳ್ಳಲು ಒಳಗೆ ಹೋದವನು ಸುಮ್ಮನೆ ಮೀಟರಿನ ಕಣ್ಣನ್ನು ಅವಳ ಕೆನ್ನೆಯತ್ತ ಹಿಡಿದೆ.

"ಏನೋ ಅದು? ನಾನೇನು ಟೈರಾ?"

"ಬಲಗೆನ್ನೆ ಮೂವತ್ನಾಲ್ಕು. ಎಡಗೆನ್ನೆ ಮೂವತ್ತಾರೂವರೆ. ನಿನ್ನೆ ಭಾವ ಹೊಡೆದಿದಾರೆ."

"ಮೊನ್ನೆ," ಎಂದಳು ಅಕ್ಕ, ಚೀಟಿಯಿಂದ ತಲೆ ಎತ್ತದೆ. "ನಿನ್ನೆ ಭಾನುವಾರ. ರಜಾ ತಗೊಂಡ್ರು."

ನಾನು ನಗಲಿಲ್ಲ. ಅವಳು ಪೆನ್ನು ಕೆಳಗಿಟ್ಟು, ಗಾಜಿನಾಚೆ ಯಾರೂ ಇಲ್ಲವೆಂದು ನೋಡಿಕೊಂಡು ಹೇಳಿದಳು. "ಬಾಗಿಲು ಹಾಕು. ಗುರುವಾರ ನಾನು ಹೋಗ್ತಿದೀನಿ. ಬೇರೆ ಊರಲ್ಲಿ ಸಿಮೆಂಟ್ ಗೋಡೌನಲ್ಲಿ ಇದೇ ಕೆಲಸ ಸಿಕ್ಕಿದೆ. ರೂಮೂ ನೋಡಾಗಿದೆ. ಏಳೂವರೆ ಬಸ್ಸು. ಅವರು ಏಳಕ್ಕೆ ಇಲ್ಲಿಗೆ ಬಂದುಬಿಡ್ತಾರಲ್ಲ."

"ನಾನೂ ಬರ್ತೀನಿ."

"ನೀನು ಇಲ್ಲೇ ಇರ್ತೀಯ, ಏನೂ ಗೊತ್ತಿಲ್ಲದವನ ಥರ. ಅಲ್ಲೀತನಕ ಅವರ ಮೈ ಮುಟ್ಟಕೂಡದು, ಬಾಯಿ ಬಿಡಕೂಡದು. ನೀನು ಜಗಳ ತೆಗೆದ್ಯೋ, ಅವರು ಮನೆ ಬಿಟ್ಟು ಕದಲಲ್ಲ. ನನಗೆ ಬೇಕಾಗಿರೋದು ಒಂದು ಖಾಲಿ ಬೆಳಿಗ್ಗೆ, ಅಷ್ಟೇ."

"ಈ ಮೂರು ದಿನದಲ್ಲಿ ಹೊಡೆದ್ರೆ?"

"ಹನ್ನೊಂದು ವರ್ಷ ತಿಂದಿದೀನಿ. ಮೂರು ದಿನ ಏನು ಮಹಾ. ಹೇಳು, ಕೈ ಎತ್ತಲ್ಲ ಅಂತ."

"ಆಯ್ತು."

"ಆಯ್ತು ಅಂದ್ರೆ ಆಗಲ್ಲ ಕಣೋ. ನನ್ನ ಮುಖ ನೋಡಿ ಹೇಳು."

ಮುಖ ನೋಡಿ ಹೇಳಿದೆ. ಹೇಳುವಾಗ ಅದನ್ನು ನಂಬಿದ್ದೆ ಕೂಡ.

ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ 'ಕನ್ನಡಿ'ಯ ಟಿಪ್ಪರು ಇಳಿಜಾರಿನಲ್ಲಿ ಕಾಣಿಸಿತು. ಆ ಡ್ರೈವರಿಗೆ ಈ ಹೆಸರು ಬಂದದ್ದು ಚಕ್ರಗಳ ಅಲ್ಯೂಮಿನಿಯಂ ರಿಮ್ಮುಗಳಿಂದ. ಪ್ರತಿ ಭಾನುವಾರ ಅವನ್ನು ಪಾಲಿಶು ಹಾಕಿ ಉಜ್ಜಿ, ಅವುಗಳಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಿಕೊಳ್ಳುತ್ತಿದ್ದ. ಗಾಡಿಗಿಂತ ಮುಂಚೆ ಅದರ ವಾಸನೆ ಬಂತು: ಸುಟ್ಟ ರಬ್ಬರು, ಅದರ ಜೊತೆ ಕಾದ ಗ್ರೀಸು. ಹಿಂದಿನ ಎಡಗಡೆಯ ಬ್ರೇಕು ಬಿಡದೆ ಹಿಡಿದುಕೊಂಡಿತ್ತು. ಅವನು ಇಡೀ ಇಳಿಜಾರನ್ನು ಹಾಗೆಯೇ ಇಳಿದು ಬಂದು ತೂಕದ ಕಟ್ಟೆಯ ಮೇಲೆ ನಿಲ್ಲಿಸಿದ.

ಅಲ್ಲಿ ಟೈರುಗಳು ಜೋಡಿ ಜೋಡಿಯಾಗಿರುತ್ತವೆ. ಹೊರಗಿನ ಟೈರಿನ ರಬ್ಬರು ಎಪ್ಪತ್ನಾಲ್ಕು ಡಿಗ್ರಿ ಇತ್ತು. ಬಗ್ಗಿ, ಸಂದಿಯಲ್ಲಿ ಕೈ ತೂರಿಸಿ ಒಳಗಿನದಕ್ಕೆ ಹಿಡಿದೆ. ನೂರಿಪ್ಪತ್ತೊಂದು. ಅದರ ವಾಲ್ವಿಗೆ ಒತ್ತಿದೆ. ನೂರೈವತ್ತೊಂದು ಪೌಂಡು. ಬೆಳಿಗ್ಗೆ ತಣ್ಣಗಿದ್ದಾಗ ಅದೇ ಟೈರಿನಲ್ಲಿ ನೂರಹತ್ತು ಇತ್ತು.

"ಇಳಿ ಕೆಳಗೆ," ಎಂದೆ ಕನ್ನಡಿಗೆ. "ಇಂಜಿನ್ ಆಫ್ ಮಾಡಿ ಆ ಕಡೆಯಿಂದ ಇಳಿ. ಈ ಕಡೆ ಬರಬೇಡ."

ಕ್ಯಾಬಿನ್ನಿನ ಗಾಜು ಬಡಿದು ಅಕ್ಕನನ್ನು ಹೊರಗೆ ಕರೆದೆ. ನಲವತ್ತು ಹೆಜ್ಜೆ ದೂರದಲ್ಲಿ ಜಲ್ಲಿ ರಾಶಿಗೆ ಒತ್ತಾಗಿ ಕಟ್ಟಿದ ಕಾಂಕ್ರೀಟು ಗೋಡೆಯಿದೆ. ಅದರ ಹಿಂದೆ ಹೋಗೆಂದೆ. ಅವಳು ಪೆನ್ನು ಹಿಡಿದುಕೊಂಡೇ ಹೋದಳು. ಆಮೇಲೆ, ಮಾಡಬಾರದಾಗಿದ್ದ ಕೆಲಸವೊಂದನ್ನು ಮಾಡಿದೆ. ನಾಲ್ಕು ನಿಮಿಷ ಬಿಟ್ಟು ಮತ್ತೆ ಹೋಗಿ ಇನ್ನೊಮ್ಮೆ ನೋಡಿದೆ. ರಬ್ಬರು ನೂರಾ ಹದಿನಾರು. ಒತ್ತಡ ನೂರೈವತ್ತೆಂಟು.

ಮುಚ್ಚಿಟ್ಟ ಗಾಳಿಯ ಒತ್ತಡ ಗೊತ್ತಾದರೆ ಅದರ ಬಿಸಿಯೂ ಗೊತ್ತಾದ ಹಾಗೆ. ಒಂದು ಭಾಗಾಕಾರ ಸಾಕು. ಮೊದಲ ಸಲ ಒಳಗಿನ ಗಾಳಿ ನೂರಿಪ್ಪತ್ತೇಳು ಡಿಗ್ರಿ ಇದ್ದಿರಬೇಕು. ಈಗ ನೂರ ನಲವತ್ನಾಲ್ಕು. ಗಾಡಿ ನಿಂತು, ಹೊರಗೆ ಐದು ಡಿಗ್ರಿ ಇಳಿದಿತ್ತು. ಒಳಗೆ ಹದಿನೇಳು ಏರಿತ್ತು. ಕಾದ ಬ್ರೇಕಿನ ಶಾಖ ರಿಮ್ಮಿನ ಮೂಲಕ ಒಳಗೆ ಹತ್ತುತ್ತಿರಬಹುದು. ಇಲ್ಲವೇ ಒಳಗಡೆ ರಬ್ಬರೇ ಬೇಯುತ್ತಿರಬಹುದು, ಅನಿಲ ಬಿಡುತ್ತಿರಬಹುದು. ಎರಡರಲ್ಲಿ ಯಾವುದೆಂದು ಹೇಳಲು ನನ್ನ ಬಳಿ ಉಪಕರಣವಿರಲಿಲ್ಲ. ಎರಡನೆಯದಾಗಿದ್ದರೆ ಅದರ ಹತ್ತಿರ ಯಾರೂ ಇರಬಾರದು, ಸಾಯಂಕಾಲದವರೆಗೂ ಇರಬಾರದು.

ಹಿಂದೆ ಹನ್ನೊಂದು ಗಾಡಿ ನಿಂತು ಹಾರನ್ ಬಾರಿಸುತ್ತಿದ್ದವು. ಮ್ಯಾನೇಜರು ಆಫೀಸಿನ ಮೆಟ್ಟಿಲ ಮೇಲಿಂದಲೇ ಕೂಗಿದರು. "ಏನ್ರೀ ಡಿಗ್ರಿ, ಗಾಡಿಗೆ ಮುಹೂರ್ತ ನೋಡ್ತಿದೀರಾ? ತೆಗೆಸ್ರೀ ಕಟ್ಟೆ ಮೇಲಿಂದ!"

"ತೆಗೆಯೋಕಾಗಲ್ಲ ಸಾರ್. ಟೈರು ಒಳಗೆ ಬಿಸಿ ಏರ್ತಾ ಇದೆ. ಎಲ್ಲರನ್ನೂ ಹಿಂದೆ ಕಳಿಸಿ."

"ಫಿಟ್ಟರನ್ನ ಕರೀರೋ!"

ಕರೆಯುವ ಮೊದಲೇ ಭಾವ ಬರುತ್ತಿದ್ದರು. ಬಲಗೈಯಲ್ಲಿ ರಾಡು. ಬಾಯಲ್ಲಿ ಅರ್ಧ ಅಗಿದ ಬ್ರೆಡ್ಡು. ಡ್ರೈವರುಗಳು ದಾರಿ ಬಿಟ್ಟರು. ಅವರಲ್ಲಿ ಐದಾರು ಜನ ಆಟ ನೋಡಲು ಹಿಂದೆಯೇ ಬಂದರು.

"ಏನು, ನಿನ್ನ ಟೈರಮ್ಮನಿಗೆ ಜ್ವರವಂತೆ?"

"ಭಾವ, ಹತ್ರ ಹೋಗಬೇಡಿ. ಒಳಗಿನದು ನೂರ ನಲವತ್ತು ದಾಟಿದೆ."

"ಗಾಳಿ ಬಿಟ್ರೆ ತಾನೇ ತಣ್ಣಗಾಗುತ್ತೆ. ಎರಡು ನಿಮಿಷದ ಕೆಲಸ." ಹಾಗೆಂದು ನನ್ನ ಕೈಯಿಂದ ಮೀಟರನ್ನು ಕಿತ್ತುಕೊಂಡರು. "ಇದು ಹೆಂಗೋ ಹಿಡಿಯೋದು? ಹಿಂಗಾ?"

ಮೀಟರು ಬಂದಾಗಿನಿಂದ ಅವರು ಅದನ್ನು ಮುಟ್ಟಿದ್ದು ಅದೇ ಮೊದಲು. ಅವರು ಅದನ್ನು ಹಿಡಿದದ್ದು ರಬ್ಬರಿಗಲ್ಲ, ಬಿಸಿಲಿಗೆ ಥಳಥಳ ಹೊಳೆಯುತ್ತಿದ್ದ ಕನ್ನಡಿಯ ರಿಮ್ಮಿಗೆ. ಗುಂಡಿ ಅದುಮಿ, ಅಂಕಿ ನೋಡಿ, ಮೀಟರನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ನಲವತ್ತಾರು! ನೋಡ್ರಪ್ಪಾ ನಲವತ್ತಾರು! ನನ್ನ ಹೆಂಡ್ತಿ ಕೊಡೋ ಟೀ ಇದಕ್ಕಿಂತ ಬಿಸಿ ಇರುತ್ತೆ."

ಡ್ರೈವರುಗಳು ಗೊಳ್ಳೆಂದು ನಕ್ಕರು.

"ಅದು ಸುಳ್ಳು ಅಂಕಿ, ಭಾವ. ಹೊಳೆಯೋ ಲೋಹ ತನ್ನ ಬಿಸೀನ ಹೊರಗೆ ಬಿಡಲ್ಲ. ಅದರಲ್ಲಿ ಕಾಣೋದು ಸುತ್ತಲಿನ ನೆರಳು, ಆಕಾಶ. ಕಪ್ಪು ರಬ್ಬರಿಗೆ ಹಿಡೀರಿ."

"ಲೇ, ಮಿಷಿನ್ನು ನಿಂದು. ಇಷ್ಟು ದಿನ ಇದನ್ನ ಹಿಡ್ಕೊಂಡು ನಮಗೆಲ್ಲ ಬುದ್ಧಿ ಹೇಳ್ತಿದ್ದೆ. ಇವತ್ತು ನಾನು ಹಿಡಿದ ತಕ್ಷಣ ಸುಳ್ಳಾಗಿಬಿಡ್ತಾ?"

ಅದಕ್ಕೆ ನನ್ನಲ್ಲಿ ಉತ್ತರವಿತ್ತು, ಆದರೆ ಅದು ಕಾಲೇಜಿನಲ್ಲಿ ಹೇಳುವಂಥದ್ದು. ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು, ಅರ್ಧ ಗಂಟೆ ತೆಗೆದುಕೊಂಡು ಹೇಳುವಂಥದ್ದು. ಅಲ್ಲಿ ಅಷ್ಟು ಹೊತ್ತಿರಲಿಲ್ಲ. ಅವರು ಮೀಟರನ್ನು ನೆಲಕ್ಕೆ ಎಸೆದು ಚಕ್ರದ ಕಡೆ ನಡೆದರು. ಮೀಟರನ್ನು ಜನ್ಮದಲ್ಲಿ ನಂಬದಿದ್ದ ಮನುಷ್ಯ, ಅದು ತಪ್ಪು ಹೇಳಿದ ಒಂದೇ ಒಂದು ಸಲ ಅದನ್ನು ನಂಬಿದ್ದರು.

ಹಿಂದಿನಿಂದ ಹೋಗಿ ಅವರ ತೋಳು ಹಿಡಿದೆ. ಅವರು ತಿರುಗಿ ನೋಡದೆ ಮೊಣಕೈ ಬೀಸಿದರು. ಅದು ನನ್ನ ಬಾಯಿಗೆ ಬಿತ್ತು. ಮುಂದಿನ ಹಲ್ಲೊಂದು ನಾಲಿಗೆಯ ಮೇಲೆ ಉದುರಿತು; ಉಗುಳಿದೆ. ಕೊರಳಪಟ್ಟಿ ಹಿಡಿದು ಎಳೆದೆ, ಅಂಗಿ ಚರ್ರನೆ ಹರಿಯಿತು. ಅವರು ರಾಡಿನ ತುದಿಯಿಂದ ನನ್ನ ಪಕ್ಕೆಗೆ ತಿವಿದರು, ಎರಡು ಸಲ, ಬಹಳ ಅಭ್ಯಾಸವಿರುವವರ ಹಾಗೆ. ಉಸಿರು ಕಟ್ಟಿ ಮಂಡಿಯೂರಿದೆ. ಅಲ್ಲಿಯವರೆಗೂ ಅಕ್ಕನಿಗೆ ಕೊಟ್ಟ ಮಾತು ಉಳಿದಿತ್ತು. ನಾನು ಹಿಡಿದಿದ್ದೆ, ಎಳೆದಿದ್ದೆ, ಹೊಡೆದಿರಲಿಲ್ಲ.

"ಹಿಡ್ಕೊಳ್ರೋ ಅವರನ್ನ!" ಎಂದು ಕೂಗಿದೆ. ಯಾರೂ ಕದಲಲಿಲ್ಲ. ಅವರಿಗೆ ಅದು ಭಾವ ಭಾಮೈದನ ಜಗಳ.

ಭಾವ ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ರಾಡನ್ನು ಕೆಳಗಿಟ್ಟು, ಜೇಬಿನಿಂದ ವಾಲ್ವಿನ ಪಿನ್ನು ಬಿಚ್ಚುವ ಪುಟ್ಟ ಕೀಲಿಯನ್ನು ತೆಗೆದು, ಮುಖವನ್ನು ಟೈರಿಗೆ ಆನಿಸುವಷ್ಟು ಹತ್ತಿರ ತಂದು, ಬಲಗೈಯನ್ನು ಸಂದಿಗೆ ತೂರಿಸಿದರು. ನಾನು ರಾಡು ಎತ್ತಿಕೊಂಡೆ. ಎಲ್ಲಿ ಹೊಡೆಯಬೇಕೆಂದು ಯೋಚಿಸಿದ್ದು ಚೆನ್ನಾಗಿ ನೆನಪಿದೆ. ತಲೆಗೆ ಬೇಡ, ಬೆನ್ನಿಗೆ ಹೊಡೆದರೆ ಟೈರಿನ ಮೇಲೆಯೇ ಬೀಳುತ್ತಾರೆ. ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಮುಂಗೈಗೆ ಹೊಡೆದೆ. ಹಂಚು ಒಡೆದಂಥ ಸದ್ದಾಯಿತು. ಕೀಲಿ ಎಲ್ಲೋ ಹಾರಿತು. ಭಾವ ಹಿಂದಕ್ಕೆ ಉರುಳಿ, ತಮ್ಮ ಕೈ ಬಾಗಬಾರದ ಜಾಗದಲ್ಲಿ ಬಾಗಿರುವುದನ್ನು ನೋಡಿ, ಆಮೇಲೆ ಕಿರುಚಿದರು.

ಈಗ ಕನ್ನಡಿ ಓಡಿ ಬಂದ. ಇಬ್ಬರೂ ಅವರ ಕಂಕುಳಿಗೆ ಕೈ ಹಾಕಿ ಜಲ್ಲಿಯ ಮೇಲೆ ದರದರ ಎಳೆದುಕೊಂಡು ಹೋದೆವು. ಅವರು ಕಾಲಿನಿಂದ ಒದೆಯುತ್ತಿದ್ದರು, ನನ್ನ ತೊಡೆಯನ್ನು ಕಚ್ಚಿದರು. ಗೋಡೆಯ ಹಿಂದೆ ತಲುಪಿಸಿದ ಮೇಲೆ ಕನ್ನಡಿ ಉಳಿದವರನ್ನು ಓಡಿಸಲು ವಾಪಸು ಹೋದ. ಅಲ್ಲಿ ಉಳಿದದ್ದು ನಾವು ಮೂವರು: ಗೋಡೆಗೆ ಬೆನ್ನು ಕೊಟ್ಟು ನಿಂತ ಅಕ್ಕ, ನೆಲದ ಮೇಲೆ ಭಾವ, ರಾಡನ್ನು ಇನ್ನೂ ಕೈಬಿಡದ ನಾನು.

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಹೇಳಬೇಕು. ಗಾಡಿ ನಲವತ್ತು ಹೆಜ್ಜೆ ದೂರದಲ್ಲಿತ್ತು. ನಡುವೆ ಒಂದು ಮೊಳ ದಪ್ಪದ ಕಾಂಕ್ರೀಟು. ಭಾವನಿಗೆ ಎದ್ದು ನಿಲ್ಲುವ ಶಕ್ತಿಯಿರಲಿಲ್ಲ, ಬಣ್ಣ ಬಿಳುಚಿತ್ತು, ಬೆವರುತ್ತಿದ್ದರು. ಮುರಿದ ಕೈಯನ್ನು ಗೋಡೆಯ ಬುಡದ ಕಟ್ಟೆಯ ಮೇಲೆ ಅಂಗೈ ಕೆಳಗಾಗಿ ಇಟ್ಟುಕೊಂಡಿದ್ದರು. ಅವರಿಂದ ಯಾರಿಗೂ ಅಪಾಯವಿರಲಿಲ್ಲ, ಅವರಿಗೂ ಯಾವುದರಿಂದಲೂ ಅಪಾಯವಿರಲಿಲ್ಲ. ಅವರು ನನ್ನನ್ನು ನೋಡಲೇ ಇಲ್ಲ. ಅಕ್ಕನನ್ನು ನೋಡಿ ಹೇಳಿದರು.

"ಮನೆಗೆ ನಡಿ. ನಿನ್ನ ತಮ್ಮ ಕೊಟ್ಟಿದ್ದನ್ನ ನೀನು ಇಸ್ಕೊಳ್ಳುವೆಯಂತೆ."

ಅಕ್ಕ ನನ್ನ ಕಡೆ ನೋಡಿ ಬೇಡ ಎನ್ನುವಂತೆ ತಲೆಯಾಡಿಸಿದಳು. ಅವಳು ತಲೆಯಾಡಿಸಿದ್ದು ನನಗೆ ಕಂಡಿತ್ತು. ಕಾಣಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ರಾಡನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿ, ಕಟ್ಟೆಯ ಮೇಲಿದ್ದ ಆ ಹಸ್ತದ ಮೇಲೆ ಇಳಿಸಿದೆ.

ಈ ಸಲ ಭಾವ ಕಿರುಚಲಿಲ್ಲ. ಬಾಯಿ ತೆರೆದುಕೊಂಡಿತು, ಸದ್ದು ಬರಲಿಲ್ಲ. ಬೆರಳುಗಳು ಒಂದೊಂದು ದಿಕ್ಕಿಗೆ ತಿರುಗಿದ್ದವು. ಉಗುರಿನ ಬುಡದಿಂದ ರಕ್ತ ಜಿನುಗಿ ಕಟ್ಟೆಯ ಧೂಳಿನಲ್ಲಿ ಕಪ್ಪಗೆ ಹರಡಿತು.

"ಏನೋ ಮಾಡಿದೆ," ಎಂದಳು ಅಕ್ಕ. ಕೇಳಿದ್ದಲ್ಲ, ಹೇಳಿದ್ದು.

ಟೈರು ಸಿಡಿದದ್ದು ಅದಾದ ಮೇಲೆ. ಅರ್ಧ ನಿಮಿಷವಾಗಿರಬಹುದು. ಸದ್ದು ಎಂದರೆ ಸರಿಹೋಗುವುದಿಲ್ಲ. ಮೊದಲು ಎದೆಗೆ ಯಾರೋ ಹಲಗೆಯಿಂದ ಬಡಿದ ಹಾಗಾಯಿತು, ಕಿವಿ ಮುಚ್ಚಿಕೊಂಡಿತು, ಆಮೇಲೆ ಆಕಾಶದಿಂದ ಜಲ್ಲಿ ಸುರಿಯಿತು. ಗೋಡೆಯ ಆಚೆ ನೋಡಿದಾಗ ಟಿಪ್ಪರು ಒಂದು ಮಗ್ಗುಲಿಗೆ ಕುಸಿದಿತ್ತು. ಒಳಗಿನ ಟೈರು ತನ್ನ ಜೊತೆಯಲ್ಲಿ ಹೊರಗಿನದನ್ನೂ ಹರಿದುಕೊಂಡು ಹೋಗಿತ್ತು. ಕ್ಯಾಬಿನ್ನಿಗೆ ಗಾಜೇ ಇರಲಿಲ್ಲ. ಕನ್ನಡಿಯ ರಿಮ್ಮಿನ ಒಂದು ತುಂಡು ಅಕ್ಕನ ಕುರ್ಚಿಯ ಬೆನ್ನನ್ನು ಸೀಳಿ, ಹಿಂದಿನ ಗೋಡೆಯಲ್ಲಿ ಅರ್ಧದವರೆಗೆ ನಾಟಿಕೊಂಡಿತ್ತು. ಭಾವ ಚಕ್ರದ ಪಕ್ಕ ಕೂತಿದ್ದ ಜಾಗದಲ್ಲಿ ತೂಕದ ಕಟ್ಟೆಯ ಕಬ್ಬಿಣದ ತಟ್ಟೆ ಬಟ್ಟಲಿನ ಹಾಗೆ ತಗ್ಗಾಗಿತ್ತು. ಒಬ್ಬ ಡ್ರೈವರಿನ ಭುಜದಲ್ಲಿ ಟೈರಿನ ತಂತಿ ಚುಚ್ಚಿಕೊಂಡು, ಅವನು ಅದನ್ನು ಎಳೆಯುತ್ತ ಸುತ್ತು ಹಾಕುತ್ತಿದ್ದ. ಕನ್ನಡಿಯ ಎಡಗಿವಿಯಿಂದ ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು.

"ನನ್ನ ರಿಮ್ಮು ಎಲ್ಲಿ?" ಎಂದು ಅವನು ಎಲ್ಲರನ್ನೂ ಕೇಳುತ್ತಿದ್ದ, ತನ್ನ ದನಿ ತನಗೇ ಕೇಳಿಸದೆ, ಗಟ್ಟಿಯಾಗಿ. "ಏನ್ರೋ, ನನ್ನ ರಿಮ್ಮು ಎಲ್ಲಿ?"

ಸಂಜೆಯೊಳಗೆ ನಾನು ದೊಡ್ಡ ಮನುಷ್ಯನಾಗಿದ್ದೆ. ಭಾಮೈದ ಭಾವನ ಕೈ ಮುರಿದು ಜೀವ ಉಳಿಸಿದ, ಅಕ್ಕನ ತಾಳಿ ಉಳಿಸಿದ. ಮ್ಯಾನೇಜರು ಆಸ್ಪತ್ರೆಯವರೆಗೂ ಬಂದು ನನ್ನ ಬೆನ್ನು ತಟ್ಟಿದರು. ಪಕ್ಕೆಗೆ ಏಟು ಬಿದ್ದಿದ್ದರಿಂದ ನಾನು ಮುಖ ಕಿವುಚಿದ್ದನ್ನು ವಿನಯವೆಂದುಕೊಂಡರು. ಮಂಗಳವಾರ ಸುರಕ್ಷತೆಯ ವಿಚಾರಣೆಗೆ ಒಬ್ಬ ಅಧಿಕಾರಿ ಬಂದ. ಚುರುಕಿನ ಮನುಷ್ಯ, ನೀಟಾಗಿ ಬರೆದುಕೊಳ್ಳುತ್ತಿದ್ದ. ನಾನು ಎಲ್ಲ ಅಂಕಿಗಳನ್ನೂ ಹೇಳಿ, ಕೊನೆಗೆ ಹೇಳಿದೆ: "ಎರಡು ಸಲ ಹೊಡೆದೆ. ಎರಡನೇದು ಗೋಡೆ ಹಿಂದೆ ತಂದಮೇಲೆ."

ಅವನು ಪೆನ್ನು ನಿಲ್ಲಿಸಿದ. "ಗಾಬರೀಲಿ ಆಗಿರುತ್ತೆ ಬಿಡಿ."

"ಗಾಬರಿ ಇರಲಿಲ್ಲ ಸಾರ್."

"ಅಂಥ ಹೊತ್ತಲ್ಲಿ ನಮಗೆ ಎಷ್ಟು ನೆನಪಿರುತ್ತೆ ಹೇಳಿ," ಎಂದು ನಕ್ಕು, 'ಒಂದು ಏಟು' ಎಂದು ಬರೆದ. ಭಾವನನ್ನೂ ಕೇಳಿದನಂತೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರಂತೆ.

ಮುಂಗೈಯ ಎಲುಬಿಗೆ ಲೋಹದ ಪಟ್ಟಿ ಹಾಕಿ ತಿರುಪು ಬಿಗಿದಿದ್ದರು. ಅದು ಮೂರು ತಿಂಗಳಲ್ಲಿ ಕೂಡುತ್ತದೆ ಎಂದರು ಡಾಕ್ಟರು. ಆದರೆ ಅಂಗೈಯ ಎಲುಬುಗಳು ಚೂರಾಗಿವೆ, ಬೆರಳು ಮಡಿಸುವುದು ಅನುಮಾನ, ಸ್ಪ್ಯಾನರು ಹಿಡಿಯುವುದನ್ನು ಮರೆತುಬಿಡಿ. ನನ್ನ ಮೊದಲ ಏಟಿಗೆ ಔಷಧವಿತ್ತು. ಎರಡನೆಯದಕ್ಕೆ ಇರಲಿಲ್ಲ.

ಬುಧವಾರ ಮಧ್ಯಾಹ್ನ ಅಕ್ಕ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಮಡಿಲಲ್ಲಿ ತಟ್ಟೆ, ತಟ್ಟೆಯಲ್ಲಿ ಅವರು ತಿಂದು ಬಿಟ್ಟ ಊಟ. ನಾನು ಪಕ್ಕದಲ್ಲಿ ಕೂತೆ.

"ಮೊದಲನೇದು ಸರಿ," ಎಂದಳು ಅಕ್ಕ. "ಎರಡನೇದು ಯಾರಿಗೆ ಹೊಡೆದೆ?"

"ನಿನಗೋಸ್ಕರ."

"ನಾನು ಕೇಳಿದ್ನಾ?" ದನಿ ಏರಲಿಲ್ಲ. "ನಾನು ಕೇಳಿದ್ದು ಮೂರು ದಿನ ಸುಮ್ಮನಿರು ಅಂತ. ಮೂರೇ ದಿನ. ಅಷ್ಟು ಓದಿದೀಯ, ಮೂರರ ತನಕ ಎಣಿಸೋಕೆ ಬರಲಿಲ್ಲ ನಿನಗೆ."

"ನಾಳೆ ಹೋಗು. ಯಾರೇನು ಅಂದುಕೊಂಡ್ರೂ ಹೋಗು."

"ಅಂದುಕೊಳ್ಳೋರಿಗೆ ನಾನು ಯಾವತ್ತು ಹೆದರಿದೀನಿ? ಗಟ್ಟಿಮುಟ್ಟಾಗಿದ್ದ ಗಂಡನ್ನ ಬಿಟ್ಟು ಹೋಗೋಕೆ ಹನ್ನೊಂದು ವರ್ಷ ಬೇಕಾಯ್ತು ಕಣೋ, ಎದೆ ಗಟ್ಟಿ ಮಾಡ್ಕೊಳೋಕೆ. ಈಗ ಅವರಿಗೆ ಲಾಡಿ ಕಟ್ಟೋಕೂ ನಾನು ಬೇಕು. ಬೆಳಿಗ್ಗೆ ತುತ್ತು ಕೊಡ್ತಿದ್ರೆ ಅಳ್ತಾರೆ. ಹೊಡೆಯೋರನ್ನ ಬಿಟ್ಟು ಹೋಗಬಹುದು. ಅಳೋರನ್ನ ಬಿಟ್ಟು ಹೆಂಗೋ ಹೋಗೋದು?" ತಟ್ಟೆಯನ್ನು ಬೆಂಚಿನ ಮೇಲಿಟ್ಟಳು. "ನೀನು ಅವರ ಕೈ ಮುರೀಲಿಲ್ಲ. ನನ್ನ ಕಾಲು ಮುರಿದೆ."

ನಾನು ಕಾಲೇಜಿನಲ್ಲಿ ಕಲಿತದ್ದರಲ್ಲಿ ಒಂದು ಸಂಗತಿ ಯಾವಾಗಲೂ ಇಷ್ಟವಾಗುತ್ತಿತ್ತು: ಒಂದು ಕಡೆ ಕೊಟ್ಟ ಶಕ್ತಿ ಎಲ್ಲೂ ಕಳೆದುಹೋಗುವುದಿಲ್ಲ, ಇನ್ನೆಲ್ಲೋ ಹೋಗಿ ಸೇರುತ್ತದೆ. ಅದು ಎಲ್ಲಿಗೆ ಹೋಗಿ ಸೇರಿತೆಂದು ಆ ಬೆಂಚಿನ ಮೇಲೆ ಗೊತ್ತಾಯಿತು. ಅಕ್ಕನ ಬದುಕಿನಲ್ಲಿ ಇನ್ನೊಂದು ಹನ್ನೊಂದು ವರ್ಷವಾಗಿ.

"ಲಾಡಿ ನಾನು ಕಟ್ತೀನಿ," ಎಂದೆ.

"ಏನು?"

"ನನ್ನ ರೂಮಿಗೆ ಕರ್ಕೊಂಡು ಹೋಗ್ತೀನಿ. ತುತ್ತು ಕೊಡ್ತೀನಿ. ಸ್ನಾನ ಮಾಡಿಸ್ತೀನಿ. ಎಷ್ಟು ದಿನ ಬೇಕೋ ಅಷ್ಟು ದಿನ. ಅವರು ಅಳಲಿ, ಒದೀಲಿ, ನನ್ನ ಹತ್ರ ಮಾಡಲಿ. ನಿನ್ನ ಬಸ್ಸು ನೀನು ಹತ್ತು."

ಅವಳು ನನ್ನ ಮುಖವನ್ನು, ಹಲ್ಲು ಹೋದ ಸಂದಿಯನ್ನು, ಬಹಳ ಹೊತ್ತು ನೋಡಿದಳು. "ನಿನಗೂ ಹೊಡೀತಾರೆ."

"ಹೊಡೀಲಿ."

"ತಿರುಗಿ ಹೊಡೀತೀಯ."

"ಇಲ್ಲ."

"ಸೋಮವಾರವೂ ಹಿಂಗೇ ಹೇಳಿದ್ದೆ," ಎಂದಳು. ಈ ಸಲ ಮುಖ ನೋಡಿ ಹೇಳು ಎನ್ನಲಿಲ್ಲ. ತಟ್ಟೆ ತೊಳೆಯಲು ಎದ್ದು ಹೋದಳು. ತಿರುಗಿ ಬಂದಾಗ ತೊಳೆದ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. "ಬಲಮಗ್ಗುಲಿಗೆ ಮಲಗಿಸಬೇಡ. ಹಾಲು ಹಾಕಿದ ಟೀ ಕುಡಿಯಲ್ಲ ಅವರು."

ಗುರುವಾರ ಹತ್ತು ಗಂಟೆಗೆ ಆಸ್ಪತ್ರೆಯಿಂದ ಬಿಟ್ಟರು. ಭಾವ ಬಾಗಿಲ ಕಡೆ ನೋಡುತ್ತ ಮಂಚದ ಮೇಲೆ ಕೂತಿದ್ದರು.

"ಎಲ್ಲಿ ಅವಳು?"

"ಹೋದಳು."

"ಎಲ್ಲಿಗೆ?"

"ಹೇಳಲ್ಲ ಭಾವ. ನಡೀರಿ, ನನ್ನ ರೂಮಿಗೆ ಹೋಗೋಣ."

ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಪಕ್ಕದ ಸ್ಟೀಲಿನ ನೀರಿನ ಜಗ್ಗನ್ನು ಎಡಗೈಯಲ್ಲಿ ಎತ್ತಿ ನನ್ನ ಹಣೆಗೆ ಬೀಸಿದರು. ಹುಬ್ಬು ಸೀಳಿತು. ನರ್ಸು ಓಡಿ ಬಂದು ಮೂರು ಹೊಲಿಗೆ ಹಾಕುತ್ತ, "ಜಾರಿ ಬಿದ್ರಾ?" ಎಂದು ಕೇಳಿದಳು. ಹೌದೆಂದೆ. ಅಕ್ಕ ಎಷ್ಟು ಸಲ ಆ ಉತ್ತರ ಹೇಳಿರಬಹುದೆಂದು ಅಂದಾಜು ಮಾಡಲು ಹೋಗಿ ಅರ್ಧಕ್ಕೆ ಬಿಟ್ಟೆ.

ಇದಾಗಿ ಆರು ವಾರವಾಯಿತು. ಕ್ರಷರಿನ ಕೆಲಸ ಬಿಟ್ಟೆ. ಈಗ ರೂಮಿನಿಂದ ಹತ್ತು ನಿಮಿಷ ದೂರದ ಬಸ್ ಡಿಪೋದಲ್ಲಿ ಅದೇ ಟೈರು, ಅದೇ ಬಗೆಯ ಮೀಟರು. ಬೆಳಿಗ್ಗೆ ಅವರಿಗೆ ಸ್ನಾನ ಮಾಡಿಸಿ, ಬಟ್ಟೆ ಹಾಕಿ, ಊಟ ಮಾಡಿಸಿ ಹೋಗುತ್ತೇನೆ. ದಿನಾ ಕೇಳುತ್ತಾರೆ, "ಎಲ್ಲಿ ಅವಳು?" ದಿನಾ ಹೇಳುತ್ತೇನೆ, "ಹೇಳಲ್ಲ ಭಾವ." ಕೆಲವು ದಿನ ಅಷ್ಟಕ್ಕೇ ಮುಗಿಯುತ್ತದೆ. ಕೆಲವು ದಿನ ಮುಗಿಯುವುದಿಲ್ಲ.

ಈ ಹೊತ್ತು ಮುಗಿಯಲಿಲ್ಲ. ಅವರ ಅಂಗಿಯ ಎರಡನೆಯ ಗುಂಡಿ ಹಾಕುತ್ತಿದ್ದೆ, ಬಗ್ಗಿದ್ದೆ. ಎಡಮುಷ್ಟಿ ಕೆಳಗಿನಿಂದ ಬಂದು ದವಡೆಗೆ ಬಿತ್ತು. ಮೊದಲ ವಾರ ಗುರಿ ತಪ್ಪುತ್ತಿತ್ತು, ಈಗ ತಪ್ಪುವುದಿಲ್ಲ. ಗೋಡೆಗೆ ತಾಗಿ ಕುಸಿದೆ. ಕೈಗೆಟುಕುವಲ್ಲಿ ಇಸ್ತ್ರಿ ಪೆಟ್ಟಿಗೆಯಿತ್ತು. ಅದನ್ನು ನೋಡಿದೆ, ಅವರೂ ನಾನು ನೋಡಿದ್ದನ್ನು ನೋಡಿದರು. ಇಬ್ಬರೂ ಕದಲಲಿಲ್ಲ. ಆಮೇಲೆ ಎದ್ದು ಬಚ್ಚಲಿಗೆ ಹೋಗಿ ಬಾಯಿಯ ರಕ್ತ ತೊಳೆದುಕೊಂಡು, ಕೈ ಒರೆಸಿಕೊಂಡು ಬಂದೆ.

ಭಾವ ಕೂತಲ್ಲೇ ಕೂತಿದ್ದರು. ಬಲಗೈ ಮಡಿಲಲ್ಲಿ ತೆರೆದೇ ಬಿದ್ದಿತ್ತು, ಏನನ್ನೋ ಇಸಿದುಕೊಳ್ಳಲು ಚಾಚಿದ ಹಾಗೆ. ಮೂರನೆಯ ಗುಂಡಿ ಹಾಕಿದೆ, ನಾಲ್ಕನೆಯದು ಹಾಕಿದೆ. ಕತ್ತಿನ ಗುಂಡಿಗೆ ಬಂದಾಗ ಅವರು ನನ್ನ ಕೈಗೆ ಅಡ್ಡವಾಗದಂತೆ ಗದ್ದ ಮೇಲಕ್ಕೆತ್ತಿದರು.